ಕಡಿಮೆ ಬಜೆಟ್‌ನ ಗೇಮಿಂಗ್ ಪಿಸಿ: ಯಾವ ಪಾರ್ಟ್ ಮೊದಲು, ಯಾವುದು ಆಮೇಲೆ?

ನೆಂಟರು, ಸ್ನೇಹಿತರು, ಸ್ನೇಹಿತರ ಮಕ್ಕಳು ಅಂತ ಸುಮಾರು ಜನ ನನಗೆ ಅಂಗಡಿಯ ಕೊಟೇಶನ್ ಚೀಟಿಯ ಫೋಟೊ ಕಳಿಸುತ್ತಾರೆ. ಅಂಗಡಿ ಬೇರೆ ಬೇರೆ, ತಪ್ಪು ಮಾತ್ರ ಒಂದೇ. ಚೀಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರ್ ಹೆಸರು ‘ಐ7’ ಅಂತ ದೊಡ್ಡದಾಗಿ ಬರೆದಿರುತ್ತದೆ. ಅದರ ಕೆಳಗೆ 16 ಜಿಬಿ ರ‍್ಯಾಮ್, ಬಣ್ಣದ ಫ್ಯಾನಿರುವ ಕ್ಯಾಬಿನೆಟ್. ಗ್ರಾಫಿಕ್ಸ್ ಕಾರ್ಡ್ ಸಾಲಿಗೆ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ. ಅಲ್ಲಿ ‘4 ಜಿಬಿ ಗ್ರಾಫಿಕ್ಸ್’ ಅಂತ ಇರುತ್ತದೆ ಅಷ್ಟೇ, ಮಾಡೆಲ್ ಹೆಸರಿಲ್ಲ. ಕೊನೆಯ ಸಾಲು: ‘ಎಸ್‌ಎಂಪಿಎಸ್ 500 ವ್ಯಾಟ್, ಫ್ರೀ’. ಎಸ್‌ಎಂಪಿಎಸ್ ಅಂದರೆ ಎಲ್ಲಾ ಪಾರ್ಟ್‌ಗೂ ಕರೆಂಟ್ ಕೊಡುವ ಪವರ್ ಸಪ್ಲೈ.

ಈ ಚೀಟಿಯನ್ನು ತಲೆಕೆಳಗು ಮಾಡಿದರೆ ಅರ್ಧ ಕೆಲಸ ಮುಗಿಯಿತು. ಮೊದಲು ಆಟ, ಆಮೇಲೆ ಮಾನಿಟರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಬರುವುದು ಅದರ ನಂತರ. ಎಸ್‌ಎಂಪಿಎಸ್‌ಗೆ ದುಡ್ಡು ಮೊದಲ ದಿನವೇ ತೆಗೆದಿಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದ ಹಂತ ಬಿಟ್ಟು ಮುಂದೆ ಹೋದರೆ ಮತ್ತೆ ಹಿಂದೆ ಬರಬೇಕಾಗುತ್ತದೆ.

## ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ನೋಟ್‌ಬುಕ್ ಸಾಕು. ಪಾರ್ಟ್‌ಗಳು ಒಂದಕ್ಕೊಂದು ಹೊಂದುತ್ತವಾ ಅಂತ ನೋಡಲು ಪಿಸಿ ಪಾರ್ಟ್ ಪಿಕರ್ ತಾಣ ಬಳಸಿ. ಅಲ್ಲಿನ ಬೆಲೆ ನಂಬಬೇಡಿ, ಹೊಂದಾಣಿಕೆಯ ಎಚ್ಚರಿಕೆಗಳನ್ನು ಮಾತ್ರ ಓದಿ. ವಿಂಡೋಸ್ ಹಾಕಲು ಕನಿಷ್ಠ 8 ಜಿಬಿಯ ಒಂದು ಪೆನ್‌ಡ್ರೈವ್ ಬೇಕು. ನೀವೇ ಜೋಡಿಸುವುದಾದರೆ ತುದಿಯಲ್ಲಿ ಅಯಸ್ಕಾಂತ ಇರುವ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಪಾರ್ಟ್ ನೋಡಲು ಹೋಗುವಾಗ ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ವಿವರ ತೋರಿಸುವ ಜಿಪಿಯು-ಝಡ್ ಮತ್ತು ಡಿಸ್ಕ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಾಕಿಕೊಂಡು ಹೋಗಿ. ಎರಡೂ ಉಚಿತ.

## ಹಂತ 1: ಆಟದ ಹೆಸರು, ಮಾನಿಟರ್‌ನ ಅಳತೆ ಬರೆಯಿರಿ

ನೀವು ನಿಜವಾಗಿ ಆಡುವ 3 ಆಟಗಳ ಹೆಸರು ಬರೆಯಿರಿ. ‘ಎಲ್ಲಾ ಗೇಮ್ ಓಡಬೇಕು’ ಅಂತ ಬರೆದರೆ ಯಾವ ನಿರ್ಧಾರವೂ ಆಗುವುದಿಲ್ಲ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ತರಹದ ಆಟಗಳು ಪ್ರೊಸೆಸರ್ ಮೇಲೆ ಜಾಸ್ತಿ ಭಾರ ಹಾಕುತ್ತವೆ. ಅವಕ್ಕೆ ಸಾಧಾರಣ ಕಾರ್ಡ್ ಸಾಕು. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2 ತರಹದ ಕಥೆಯ ಆಟಗಳು ಕಾರ್ಡನ್ನೇ ಹಿಂಡುತ್ತವೆ.

ಆಮೇಲೆ ಮಾನಿಟರ್. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್ ಇರುತ್ತವೆ. 1440ಪಿ ಪರದೆಯಲ್ಲಿ 37 ಲಕ್ಷ, 4ಕೆ ಪರದೆಯಲ್ಲಿ 83 ಲಕ್ಷ. ಒಂದೊಂದು ಚಿತ್ರಕ್ಕೂ ಕಾರ್ಡ್ ಅಷ್ಟು ಪಿಕ್ಸೆಲ್‌ಗೆ ಬಣ್ಣ ತುಂಬಬೇಕು. ಬಜೆಟ್ ಬಿಗಿ ಇದ್ದರೆ 1080ಪಿಯಲ್ಲೇ ಇರಿ, ನಾಚಿಕೆ ಪಡುವಂಥದ್ದೇನೂ ಇಲ್ಲ. ಮನೆಯಲ್ಲಿ ಈಗಾಗಲೇ 60 ಹರ್ಟ್ಸ್ ಮಾನಿಟರ್ ಇದ್ದು ಅದನ್ನೇ ಬಳಸುವುದಾದರೆ, ಸೆಕೆಂಡಿಗೆ 200 ಫ್ರೇಮ್ ಕೊಡುವ ಕಾರ್ಡ್ ಕೊಂಡರೂ ಪರದೆ ತೋರಿಸುವುದು 60 ಮಾತ್ರ. ಆ ದುಡ್ಡು ಮಾನಿಟರ್‌ಗೆ ಹೋಗಲಿ, ಇಲ್ಲವೇ ಉಳಿಯಲಿ.

## ಹಂತ 2: ಅಂಗಡಿಗೆ ಹೋಗುವ ಮುಂಚೆ ದುಡ್ಡು ಪಾಲು ಮಾಡಿ

ಡಬ್ಬಿಯೊಳಗಿನ ಸಾಮಾನಿಗೆ ಮಾತ್ರ 60,000 ರೂ. ಇದೆ ಅಂದುಕೊಳ್ಳೋಣ. ನಾನು ಹೀಗೆ ಪಾಲು ಮಾಡುತ್ತೇನೆ: ಗ್ರಾಫಿಕ್ಸ್ ಕಾರ್ಡ್‌ಗೆ 22ರಿಂದ 25 ಸಾವಿರ, ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಸೇರಿ 16 ಸಾವಿರ, ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವಿಂಡೋಸ್, ಆಟ ಇಡುವ ಡಿಸ್ಕ್) ಸೇರಿ 11 ಸಾವಿರ, ಎಸ್‌ಎಂಪಿಎಸ್‌ಗೆ 4ರಿಂದ 5 ಸಾವಿರ, ಕ್ಯಾಬಿನೆಟ್‌ಗೆ 3 ಸಾವಿರ. ಇವು ಬೆಲೆಗಳಲ್ಲ, ಪಾಲುಗಳು. ನಿಮ್ಮ ಬಜೆಟ್ 50 ಸಾವಿರ ಇರಲಿ, 80 ಸಾವಿರ ಇರಲಿ, ಕಾರ್ಡ್‌ನ ಪಾಲು 35ರಿಂದ 42 ಶೇಕಡಾ ಇರಲಿ.

ಒಂದು ಎಚ್ಚರಿಕೆ ಇದೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಎಐ ಸರ್ವರ್‌ಗಳಿಗೆ ಮೆಮೊರಿ ಚಿಪ್ ದೊಡ್ಡ ಪ್ರಮಾಣದಲ್ಲಿ ಹೋಗುತ್ತಿರುವುದೇ ಕಾರಣ. ಹಾಗಾಗಿ ಪಾಲು ಮಾಡುವ ದಿನ ಮೊದಲು ರ‍್ಯಾಮ್ ಬೆಲೆ ವಿಚಾರಿಸಿ. ಅಲ್ಲಿ ಹೆಚ್ಚು ಹೋದರೆ ಕ್ಯಾಬಿನೆಟ್ ಸರಳ ಮಾಡಿ, ಎಸ್‌ಎಸ್‌ಡಿ ಚಿಕ್ಕದು ಮಾಡಿ. ಎಸ್‌ಎಂಪಿಎಸ್‌ನ ಪಾಲಿಗೆ ಮಾತ್ರ ಕೈ ಹಾಕಬೇಡಿ.

ಹೆಚ್ಚಿನವರು ಮರೆಯುವ ಖರ್ಚುಗಳು: ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಫೋನ್, ಯುಪಿಎಸ್, ವೈಫೈ ಅಡಾಪ್ಟರ್, ವಿಂಡೋಸ್ ಲೈಸೆನ್ಸ್. ಅಂಗಡಿಯವರು ಹೇಳುವ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯಾ ಅಂತಲೂ ಮೊದಲೇ ಕೇಳಿ. ಕಂಪ್ಯೂಟರ್ ಬಿಡಿಭಾಗಗಳಿಗೆ 18 ಶೇಕಡಾ ತೆರಿಗೆ. ಸೇರಿಲ್ಲ ಅಂದರೆ ನಿಮ್ಮ 60,000 ರೂ. ಚೀಟಿ ಬಿಲ್ ಆಗುವಾಗ 70,800 ರೂ. ಆಗುತ್ತದೆ.

## ಹಂತ 3: ಗ್ರಾಫಿಕ್ಸ್ ಕಾರ್ಡ್

ಇಲ್ಲಿ ನಿಧಾನ ಮಾಡಿ. ಬೇರೆ ಎಲ್ಲಾ ಪಾರ್ಟ್‌ಗೂ ಸೇರಿ ಎಷ್ಟು ಹೊತ್ತು ಕೊಡುತ್ತೀರೋ ಇದೊಂದಕ್ಕೇ ಅಷ್ಟು ಹೊತ್ತು ಕೊಡಿ.

ಜಿಬಿ ನೋಡಿ ಕೊಳ್ಳಬೇಡಿ. ಕಾರ್ಡ್‌ನ ಮೆಮೊರಿ ಅಂದರೆ ಸಾಮಾನು ಇಡುವ ಜಾಗ, ಕೆಲಸ ಮಾಡುವ ಶಕ್ತಿ ಬೇರೆ. ಜಿಟಿ 730 ಕಾರ್ಡ್ 2014ರದ್ದು. ಅದು 4 ಜಿಬಿ ರೂಪದಲ್ಲೂ ಸಿಗುತ್ತದೆ. ಜಿಟಿಎಕ್ಸ್ 1650 ಕೂಡ 4 ಜಿಬಿ. ಎರಡರ ನಡುವೆ ಸೈಕಲ್ಲಿಗೂ ಬೈಕಿಗೂ ಇರುವಷ್ಟು ವ್ಯತ್ಯಾಸ. ಚೀಟಿಯಲ್ಲಿ ‘4 ಜಿಬಿ ಗ್ರಾಫಿಕ್ಸ್’ ಅಂತ ಮಾತ್ರ ಇದ್ದರೆ ಅದು ಹೆಚ್ಚಾಗಿ ಮೊದಲನೆಯದೇ. ಪೂರ್ತಿ ಮಾಡೆಲ್ ಹೆಸರು ಬರೆದು ಕೊಡುವವರೆಗೆ ಮುಂದಿನ ಮಾತು ಬೇಡ.

ಒಂದೇ ಹೆಸರು, ಎರಡು ಕಾರ್ಡ್. ಇದರಲ್ಲಿ ಓದಿಕೊಂಡವರೂ ಬೀಳುತ್ತಾರೆ. ಆರ್‌ಟಿಎಕ್ಸ್ 3050 ಕಾರ್ಡ್ 8 ಜಿಬಿ ಮತ್ತು 6 ಜಿಬಿ ಎರಡು ರೂಪದಲ್ಲಿದೆ. 6 ಜಿಬಿಯದರಲ್ಲಿ ಮೆಮೊರಿ ಜೊತೆ ಲೆಕ್ಕ ಮಾಡುವ ಕೋರ್‌ಗಳೂ ಕಡಿಮೆ. ಆರ್‌ಟಿಎಕ್ಸ್ 3060 ಕಾರ್ಡ್‌ಗೆ 12 ಜಿಬಿಯದ್ದೊಂದು, ನಿಧಾನದ 8 ಜಿಬಿಯದ್ದೊಂದು. ಜಿಟಿ 1030ರಲ್ಲಿ ಜಿಡಿಡಿಆರ್5 ಮೆಮೊರಿ ಇರುವುದು ಪರವಾಗಿಲ್ಲ, ಡಿಡಿಆರ್4 ಇರುವುದು ತುಂಬಾ ನಿಧಾನ. ಆರ್‌ಎಕ್ಸ್ 580 ಅಂತ ಮಾರುವ ಎಷ್ಟೋ ಕಾರ್ಡ್‌ಗಳ ಹೆಸರಿನ ಕೊನೆಯಲ್ಲಿ 2048ಎಸ್‌ಪಿ ಅಂತ ಚಿಕ್ಕದಾಗಿ ಇರುತ್ತದೆ. ಅದು ಕೆಲಸದಲ್ಲಿ ಆರ್‌ಎಕ್ಸ್ 570ಕ್ಕೆ ಸಮ.

ಹೊಸದಾಗಿ ಕೊಳ್ಳುವವರು 8 ಜಿಬಿಗಿಂತ ಕೆಳಗೆ ಇಳಿಯಬೇಡಿ. 1080ಪಿ ಆಟಕ್ಕೆ ನಾನು ಮೊದಲು ನೋಡುವ ಹೆಸರುಗಳು ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060, ಮತ್ತು 12 ಜಿಬಿ ಇರುವ ಇಂಟೆಲ್‌ನ ಆರ್ಕ್ ಬಿ580. ಆರ್‌ಎಕ್ಸ್ 6600 ಎಳೆಯುವ ಕರೆಂಟ್ 132 ವ್ಯಾಟ್, 4060 ಎಳೆಯುವುದು 115 ವ್ಯಾಟ್, ಬಿ580 ಎಳೆಯುವುದು 190 ವ್ಯಾಟ್. ಈ ಅಂಕಿಯನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ, ಎಸ್‌ಎಂಪಿಎಸ್ ಆರಿಸುವಾಗ ಬೇಕಾಗುತ್ತದೆ. ಆರ್ಕ್ ಕಾರ್ಡ್ ಆದರೆ ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ರಿಸೈಜಬಲ್ ಬಾರ್ ಅನ್ನುವ ಸೆಟ್ಟಿಂಗ್ ಆನ್ ಇರಲೇಬೇಕು. ಹಳೆಯ ಅಥವಾ ನಿಧಾನದ ಪ್ರೊಸೆಸರ್ ಜೊತೆ ಅದು ತನ್ನ ಶಕ್ತಿ ತೋರಿಸುವುದಿಲ್ಲ.

ಒಂದೇ ಚಿಪ್‌ನ ಕಾರ್ಡನ್ನು ಹಲವು ಕಂಪನಿಗಳು ಮಾರುತ್ತವೆ. ಎರಡು ಫ್ಯಾನಿನ ಸಾದಾ ಕಾರ್ಡಿಗೂ ಮೂರು ಫ್ಯಾನು, ಬಣ್ಣದ ದೀಪ ಇರುವ ಕಾರ್ಡಿಗೂ ಆಟದಲ್ಲಿ ಕೈಗೆ ಸಿಗುವ ವ್ಯತ್ಯಾಸ ಬಹಳ ಕಡಿಮೆ. ಆ 4 ಸಾವಿರ ಸೇರಿಸಿದರೆ ಮೇಲಿನ ಚಿಪ್‌ನ ಸಾದಾ ಕಾರ್ಡೇ ಸಿಗಬಹುದು.

ಪರೀಕ್ಷೆಯ ವಿಡಿಯೊ ನೋಡುವಾಗ ಸರಾಸರಿ ಫ್ರೇಮ್ ಬಿಟ್ಟು ‘1 ಶೇಕಡಾ ಲೋ’ ಅನ್ನುವ ಅಂಕಿ ನೋಡಿ. ಆಟ ಎಷ್ಟು ತಡವರಿಸುತ್ತದೆ ಅಂತ ಹೇಳುವುದು ಅದು. ಸರಾಸರಿ 90 ಇದ್ದು ಇದು 30 ಇದ್ದರೆ ಕೈಗೆ ಜರ್ಕ್ ಗೊತ್ತಾಗುತ್ತದೆ. ಅಪ್‌ಸ್ಕೇಲಿಂಗ್ (ಚಿಕ್ಕ ಚಿತ್ರವನ್ನು ಹಿಗ್ಗಿಸುವುದು), ಫ್ರೇಮ್ ಜನರೇಶನ್ (ನಡುವೆ ಹೊಸ ಫ್ರೇಮ್ ಸೇರಿಸುವುದು) ಆನ್ ಮಾಡಿ ತೋರಿಸಿದ ಅಂಕಿಯನ್ನು ಆಫ್ ಇರುವ ಅಂಕಿಯ ಜೊತೆ ಹೋಲಿಸಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ ಕಾರ್ಡ್ ಓಡುತ್ತಿರುವಾಗಲೇ ನೋಡಿ. ಹಳೇ ಜಿಟಿಎಸ್ 450 ಕಾರ್ಡ್‌ನೊಳಗಿನ ಬಯೋಸ್ ಬದಲಿಸಿ ಜಿಟಿಎಕ್ಸ್ 1050 ಟಿಐ ಅಂತ ಮಾರುವವರಿದ್ದಾರೆ, ವಿಂಡೋಸ್ ಕೂಡ ಅದೇ ಹೆಸರು ತೋರಿಸುತ್ತದೆ. ಜಿಪಿಯು-ಝಡ್ ತೆರೆದರೆ ಅಂಥ ಕಾರ್ಡ್‌ನ ಹೆಸರಿನ ಹಿಂದೆ ನಕಲಿ ಅನ್ನುವ ಗುರುತು ಬರುತ್ತದೆ. ಒಂದು ಭಾರಿ ಆಟವನ್ನು 20 ನಿಮಿಷ ಓಡಿಸಿ. ಪರದೆಯಲ್ಲಿ ಚುಕ್ಕೆ, ಗೆರೆ, ತ್ರಿಕೋನ ಕಂಡರೆ ಎದ್ದು ಬನ್ನಿ. ಫ್ಯಾನ್ ಕರಕರ ಅಂದರೆ ಬೆಲೆ ಇಳಿಸಲು ಕೇಳಿ. ಮೂಲ ಬಿಲ್ ಇದೆಯಾ, ಸೀರಿಯಲ್ ನಂಬರ್ ಸ್ಟಿಕ್ಕರ್ ಕಿತ್ತಿದೆಯಾ ನೋಡಿ.

ಕಾರ್ಡ್‌ಗೆ ಈಗ ದುಡ್ಡೇ ಇಲ್ಲ ಅಂದರೆ ಕಳಪೆ ಕಾರ್ಡ್ ಕೊಳ್ಳಬೇಡಿ. ಒಳಗೇ ಗ್ರಾಫಿಕ್ಸ್ ಇರುವ ಎಎಂಡಿ ಪ್ರೊಸೆಸರ್ ರೈಜೆನ್ 5 5600ಜಿ ಅಥವಾ 8600ಜಿ ತೆಗೆದುಕೊಂಡು, ಎರಡು ರ‍್ಯಾಮ್ ಕಡ್ಡಿ ಹಾಕಿ, ಮುಂದೆ ಬರುವ ಕಾರ್ಡಿಗೂ ಸಾಲುವ ಎಸ್‌ಎಂಪಿಎಸ್ ಈಗಲೇ ಹಾಕಿಸಿ. ವ್ಯಾಲೊರಂಟ್ ಆರಾಮಾಗಿ ಆಡಬಹುದು. ಆರು ತಿಂಗಳು ದುಡ್ಡು ಕೂಡಿಸಿ ಒಳ್ಳೆಯ ಕಾರ್ಡ್ ತನ್ನಿ.

## ಹಂತ 4: ಪ್ರೊಸೆಸರ್

‘ಐ7 ಅಂದರೆ ಐ3ಗಿಂತ ಜೋರು ಅಲ್ವಾ?’ ಎಲ್ಲರೂ ಕೇಳುವ ಪ್ರಶ್ನೆ ಇದು. ಒಂದೇ ಪೀಳಿಗೆಯಲ್ಲಿ ಹೌದು. ಆದರೆ ಐ7-3770 ಬಂದದ್ದು 2012ರಲ್ಲಿ, ಐ3-12100ಎಫ್ ಬಂದದ್ದು 2022ರಲ್ಲಿ. ಎರಡರಲ್ಲೂ 4 ಕೋರ್, 8 ಥ್ರೆಡ್. ಆಟದಲ್ಲಿ ಆ ಹೊಸ ಐ3 ಹಳೇ ಐ7 ಅನ್ನು ಎಲ್ಲೋ ಹಿಂದೆ ಬಿಡುತ್ತದೆ. ಹೆಸರಿನ ಮುಂದಿನ ಅಂಕಿ ನೋಡಿ, 3770ರಲ್ಲಿ 3 ಅಂದರೆ ಮೂರನೇ ಪೀಳಿಗೆ, 12100ರಲ್ಲಿ 12.

ಹಳೇ ಪೀಳಿಗೆ ಬೇಡ ಅನ್ನಲು ಇನ್ನೊಂದು ಗಟ್ಟಿ ಕಾರಣ ಇದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಪೀಳಿಗೆಯಿಂದ ಮೇಲಿನದ್ದು ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಸುರಕ್ಷತಾ ವ್ಯವಸ್ಥೆ ಬೇಕು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ ಜೊತೆ ಬಯೋಸ್‌ನ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಕೂಡ ಆನ್ ಇರಬೇಕು. 15 ಸಾವಿರಕ್ಕೆ ‘ಐ7 ಗೇಮಿಂಗ್ ಸೆಟ್’ ಅಂತ ಜಾಹೀರಾತು ಕಂಡರೆ ಒಳಗೆ ಇಂಥ ಹಳೇ ಪೀಳಿಗೆಯೇ ಇರುತ್ತದೆ.

ಬಜೆಟ್‌ಗೆ ಸರಿಯಾದವು ರೈಜೆನ್ 5 5600 ಮತ್ತು ಐ5-12400ಎಫ್. ಎರಡರಲ್ಲೂ 6 ಕೋರ್, 12 ಥ್ರೆಡ್. ಇನ್ನೂ ಬಿಗಿ ಇದ್ದರೆ ಐ3-12100ಎಫ್. ಸ್ವಲ್ಪ ಕೈ ಬಿಚ್ಚಬಹುದು ಅಂದರೆ ಎಎಂ5 ಸಾಕೆಟ್‌ನ (ಸಾಕೆಟ್ ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜೆನ್ 5 7500ಎಫ್ ಅಥವಾ 7600. ಎಎಂ5ಕ್ಕೆ 2027ರವರೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ, ಹಾಗಾಗಿ ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು.

ಕೊನೆಯ ಅಕ್ಷರ ಓದಲು ಮರೆಯಬೇಡಿ. ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆಯೇ ಬರುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ರೈಜೆನ್ 5 5500 ಮತ್ತು 5600ಜಿ ಹೆಸರಲ್ಲಿ 5600ಕ್ಕೆ ಹತ್ತಿರ, ಆದರೆ ಅವುಗಳ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ರದ್ದು 32 ಎಂಬಿ. ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿಯಾದ ಪಿಸಿಐಇ ಕೂಡ 4.0 ಬದಲು 3.0. ಇವುಗಳ ಜೊತೆ ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಿದರೆ ದೊಡ್ಡ ಪೆಟ್ಟು, ಯಾಕಂದರೆ ಆ ಕಾರ್ಡ್ ಬಳಸುವುದು 4 ಲೇನ್ ಮಾತ್ರ. ದಾರಿ ಕಿರಿದು, ವೇಗವೂ ಅರ್ಧ.

## ಹಂತ 5: ಮದರ್‌ಬೋರ್ಡ್

ಸಾಕೆಟ್ ಹೊಂದಬೇಕು, ಅದು ಮೊದಲ ನಿಯಮ. ರೈಜೆನ್ 5000 ಸಾಲು ಎಎಂ4ಕ್ಕೆ, 7000ದಿಂದ ಮೇಲಿನದ್ದು ಎಎಂ5ಕ್ಕೆ, ಇಂಟೆಲ್ 12, 13, 14ನೇ ಪೀಳಿಗೆ ಎಲ್‌ಜಿಎ 1700ಕ್ಕೆ. ಎಎಂ4 ಬೋರ್ಡ್‌ಗೆ ಡಿಡಿಆರ್4 ರ‍್ಯಾಮ್ ಮಾತ್ರ, ಎಎಂ5ಕ್ಕೆ ಡಿಡಿಆರ್5 ಮಾತ್ರ. ಎಲ್‌ಜಿಎ 1700ರಲ್ಲಿ ಎರಡೂ ತರಹದ ಬೋರ್ಡ್ ಸಿಗುತ್ತವೆ. ಹೆಸರಿನ ಕೊನೆಯಲ್ಲಿ ಡಿ4 ಅಂತ ಇದೆಯಾ ನೋಡಿ, ಇಲ್ಲದಿದ್ದರೆ ರ‍್ಯಾಮ್ ಕೊಂಡ ಮೇಲೆ ಕೂರುವುದೇ ಇಲ್ಲ.

5600ಕ್ಕೆ ಬಿ550 ಬೋರ್ಡ್ ಸರಿ. ಬಿ450, ಎ520 ಅಗ್ಗ, ಆದರೆ ಕಾರ್ಡಿಗೆ ಪಿಸಿಐಇ 3.0 ಮಾತ್ರ ಕೊಡುತ್ತವೆ. ಅಂಗಡಿಯಲ್ಲಿ ಬಹಳ ದಿನ ಕೂತಿದ್ದ ಬಿ450 ಬೋರ್ಡ್‌ನಲ್ಲಿ ಹಳೇ ಬಯೋಸ್ ಇದ್ದರೆ 5600 ಹಾಕಿದಾಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಎಚ್610, ಬಿ660 ಬೋರ್ಡ್‌ಗಳಿಗೆ 13, 14ನೇ ಪೀಳಿಗೆ ಹಾಕುವಾಗಲೂ ಇದೇ ಕಥೆ. ಅಂಗಡಿಯವರಿಂದಲೇ ಬಯೋಸ್ ಅಪ್‌ಡೇಟ್ ಮಾಡಿಸಿ, ಇಲ್ಲವೇ ಹಿಂಭಾಗದಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಕೊಳ್ಳಿ.

ಅಗ್ಗದ ಬೋರ್ಡ್‌ಗಳಲ್ಲಿ ಹೆಚ್ಚಿನವಕ್ಕೆ ವೈಫೈ ಇರುವುದಿಲ್ಲ. ಪಿಸಿ ತಂದು, ಜೋಡಿಸಿ, ಆನ್ ಮಾಡಿದ ಮೇಲೆ ಇದು ಗೊತ್ತಾಗುವವರು ಎಷ್ಟೋ ಜನ. ರೌಟರ್ ಬೇರೆ ಕೋಣೆಯಲ್ಲಿದ್ದರೆ ಮೊದಲೇ ಯೋಚಿಸಿ. ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಎಷ್ಟಿದೆ, ಕ್ಯಾಬಿನೆಟ್ ಫ್ಯಾನಿಗೆ ಎಷ್ಟು ಪಿನ್ ಇದೆ ಅಂತಲೂ ನೋಡಿ. ಇಂಟೆಲ್ ಬೋರ್ಡ್ ಕೊಳ್ಳುವಾಗ ದುಡ್ಡು ಕೊಡುವ ಮುಂಚೆ ಸಾಕೆಟ್‌ನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಹಿಡಿದು ಪಿನ್‌ಗಳ ಸಾಲು ನೋಡಿ. ಒಂದು ಪಿನ್ ಬಾಗಿದ್ದರೂ ಬೆಳಕು ಆ ಜಾಗದಲ್ಲಿ ಬೇರೆ ತರಹ ಹೊಳೆಯುತ್ತದೆ. ಮನೆಗೆ ಹೋದ ಮೇಲೆ ಅದು ನಿಮ್ಮ ಕೈಯಿಂದಲೇ ಆಯಿತು ಅನ್ನುತ್ತಾರೆ.

## ಹಂತ 6: ರ‍್ಯಾಮ್

16 ಜಿಬಿ ಬೇಕು ಅಂದರೆ 16ರ ಒಂದು ಕಡ್ಡಿ ಬೇಡ, 8ರ ಎರಡು ಕಡ್ಡಿ ತೆಗೆದುಕೊಳ್ಳಿ. ಎರಡಿದ್ದರೆ ಮಾಹಿತಿ ಎರಡು ದಾರಿಯಲ್ಲಿ ಓಡುತ್ತದೆ. ಒಳಗಿನ ಗ್ರಾಫಿಕ್ಸ್ ಬಳಸುವವರಿಗಂತೂ ಇದು ಕಡ್ಡಾಯ. ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬಂದದ್ದೇ ಕೊಳ್ಳಿ. ಡಿಡಿಆರ್4 ಆದರೆ ವೇಗ 3200, ವಿಳಂಬದ ಅಂಕಿ ಸಿಎಲ್16. ಎಎಂ5ಕ್ಕೆ ಡಿಡಿಆರ್5 6000. ಅದಕ್ಕಿಂತ ಮೇಲೆ ಕೊಡುವ ದುಡ್ಡು ಈ ಬಜೆಟ್‌ನಲ್ಲಿ ದಂಡ.

ಬೋರ್ಡ್‌ನಲ್ಲಿ 4 ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಿ. ಪಕ್ಕಪಕ್ಕ ಹಾಕಿದರೆ ಎರಡು ಕಡ್ಡಿ ಕೊಂಡ ಲಾಭವೇ ಹೋಗುತ್ತದೆ.

## ಹಂತ 7: ಎಸ್‌ಎಸ್‌ಡಿ

ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಹೆಸರಿರುವ ಕಂಪನಿಯ ಎನ್‌ವಿಎಂಇ ಎಸ್‌ಎಸ್‌ಡಿ, ಸಾಧ್ಯವಾದರೆ 1 ಟಿಬಿ. ಈಗಿನ ದೊಡ್ಡ ಆಟಗಳು ಒಂದೊಂದೇ 100 ಜಿಬಿ ದಾಟುತ್ತವೆ. ಎಂ.2 ಆಕಾರ ಇದ್ದ ಮಾತ್ರಕ್ಕೆ ಎನ್‌ವಿಎಂಇ ಅಲ್ಲ, ಅದೇ ಆಕಾರದಲ್ಲಿ ನಿಧಾನದ ಸಾಟಾ ಕೂಡ ಬರುತ್ತದೆ. ಪೆಟ್ಟಿಗೆಯ ಮೇಲೆ ಓದಿ.

## ಹಂತ 8: ಎಸ್‌ಎಂಪಿಎಸ್

ಹಾವೇರಿಯ ನನ್ನ ಚಿಕ್ಕಪ್ಪನ ಮಗ ಒಂದು ಪಿಸಿ ಕಟ್ಟಿಸಿದ. ರೈಜೆನ್ 5 5600, ಆರ್‌ಎಕ್ಸ್ 6600, ಪಾರ್ಟ್ ಎಲ್ಲಾ ಸರಿಯಾಗಿದ್ದವು. ಸಿನಿಮಾ ನೋಡುವಾಗ, ಓದುವಾಗ ಏನೂ ತೊಂದರೆ ಇಲ್ಲ. ಆಟ ಶುರುವಾಗಿ ಐದು ನಿಮಿಷಕ್ಕೆ ಪರದೆ ಕಪ್ಪಾಗಿ ರೀಸ್ಟಾರ್ಟ್. ಎರಡು ತಿಂಗಳು ಒದ್ದಾಡಿದ. ವಿಂಡೋಸ್ ಮೂರು ಸಲ ಹಾಕಿದ, ರ‍್ಯಾಮ್ ಬದಲಿಸಿದ, ಕಾರ್ಡ್ ಕೆಟ್ಟಿದೆ ಅಂತ ಸರ್ವಿಸ್‌ಗೂ ಕಳಿಸಿದ. ಕಾರ್ಡ್ ಸರಿ ಇದೆ ಅಂತ ವಾಪಸ್ ಬಂತು.

ಹಬ್ಬಕ್ಕೆ ಹೋದಾಗ ನಾನು ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್‌ನ ಲೇಬಲ್ ಓದಿದೆ. ಮೇಲೆ ದೊಡ್ಡದಾಗಿ 500 ವ್ಯಾಟ್. ಕೆಳಗೆ ಚಿಕ್ಕ ಕೋಷ್ಟಕ, ಅದರಲ್ಲಿ +12 ವೋಲ್ಟ್ ಎದುರು 14 ಆಂಪಿಯರ್. ಗುಣಿಸಿ ನೋಡಿ: 12 × 14 = 168 ವ್ಯಾಟ್. ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಕರೆಂಟ್ ಎಳೆಯುವುದು ಈ 12 ವೋಲ್ಟ್ ಸಾಲಿನಿಂದಲೇ. ಕಾರ್ಡ್‌ಗೆ 132, ಪ್ರೊಸೆಸರ್ ಪೂರ್ತಿ ಓಡುವಾಗ 76, ಒಟ್ಟು 208. ಎಲ್ಲಿ ಸಾಲುತ್ತದೆ? ಹೊಸ ಎಸ್‌ಎಂಪಿಎಸ್ ಹಾಕಿದ ರಾತ್ರಿಯೇ ರೀಸ್ಟಾರ್ಟ್ ನಿಂತಿತು. ‘ಫ್ರೀ’ ಬಂದ ಡಬ್ಬಿಗೆ ಅವನು ಎರಡು ತಿಂಗಳು ಕೊಟ್ಟ, ಸುಮ್ನೆ ಒಂದು ಜೋಡಿ ರ‍್ಯಾಮ್‌ಗೂ ದುಡ್ಡು ಹಾಕಿದ. ಅದನ್ನು ನೆನೆದರೆ ನನಗೆ ಇವತ್ತಿಗೂ ಬೇಜಾರು.

ಹಾಗಾಗಿ ನೀವು ನೋಡಬೇಕಾದ್ದು ಆ ಚಿಕ್ಕ ಕೋಷ್ಟಕ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಎದುರು 45 ಆಂಪಿಯರ್‌ನ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಕಾರ್ಡ್ ಮತ್ತು ಪ್ರೊಸೆಸರ್‌ನ ವ್ಯಾಟ್ ಕೂಡಿಸಿ, ಉಳಿದವಕ್ಕೆ 60 ಸೇರಿಸಿ, ಬಂದ ಮೊತ್ತದ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ. ಮೇಲೆ ಹೇಳಿದ ಕಾರ್ಡ್‌ಗಳಿಗೆ ಹೆಸರಿರುವ ಕಂಪನಿಯ 550 ವ್ಯಾಟ್ ಸಾಕು. 80 ಪ್ಲಸ್ ಬ್ರಾಂಜ್ ಗುರುತು ಇರಲಿ, ಆದರೆ ಅದು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು ಮಾತ್ರ. ವಾರಂಟಿ 5 ವರ್ಷ ಇದೆಯಾ ಅಂತಲೂ ಕೇಳಿ. ಕೈಯಲ್ಲಿ ಹಿಡಿದಾಗ ಖಾಲಿ ಡಬ್ಬಿಯಂತೆ ಹಗುರ ಅನ್ನಿಸಿದರೆ ವಾಪಸ್ ಕೊಡಿ.

ಕಾರ್ಡಿಗೆ ಬೇಕಾದ 6+2 ಪಿನ್ ವೈರ್, ಪ್ರೊಸೆಸರ್‌ಗೆ ಬೇಕಾದ 4+4 ಪಿನ್ ವೈರ್ ಅದರಲ್ಲೇ ಇರಬೇಕು. ಹಾರ್ಡ್ ಡಿಸ್ಕ್ ವೈರಿನಿಂದ ಕಾರ್ಡಿಗೆ ಕನ್ವರ್ಟರ್ ಹಾಕಿ ಕೊಡುತ್ತೇವೆ ಅಂದರೆ ಒಪ್ಪಬೇಡಿ, ಅದು ಬಿಸಿಯಾಗಿ ಕರಗುತ್ತದೆ. ಬಿಚ್ಚಿ ಹಾಕುವ ವೈರ್ ಇರುವ ಮಾಡೆಲ್ ಆದರೆ ಬೇರೆ ಕಂಪನಿಯ ವೈರ್ ಎಂದೂ ಸಿಕ್ಕಿಸಬೇಡಿ. ತುದಿ ಹೊಂದಿದರೂ ಒಳಗಿನ ಪಿನ್ ಕ್ರಮ ಬೇರೆ ಇರಬಹುದು, ಬೋರ್ಡ್ ಸುಟ್ಟೇ ಹೋಗುತ್ತದೆ.

ಗೋಡೆಯ ಪ್ಲಗ್ ಕೂಡ ನೋಡಿ. ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ನಿಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ ಅಂತ ಅರ್ಥ. ಹಳೇ ಮನೆಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇದು ಸಾಮಾನ್ಯ. ಮೂರು ಪಿನ್ನಿನ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ, ಅಲ್ಲಿಯವರೆಗೆ ಪಿಸಿ ಹಾಕಬೇಡಿ. ಪದೇ ಪದೇ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಬೇಕು. 600 ವಿಎ ಅಂತ ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಪಿಸಿ ಮತ್ತು ಮಾನಿಟರ್ ಸೇರಿಸಿ ಲೆಕ್ಕ ಹಾಕಿ, ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು.

## ಹಂತ 9: ಕ್ಯಾಬಿನೆಟ್ ಮತ್ತು ಗಾಳಿ

ಮುಂಭಾಗದಲ್ಲಿ ಜಾಲರಿ ಇರುವುದನ್ನೇ ಆರಿಸಿ. ಮುಂದೆ ಪೂರ್ತಿ ಗಾಜು ಮುಚ್ಚಿದ್ದರೆ ಆ ಗಾಜಿನ ಹಿಂದಿನ ಮೂರು ಬಣ್ಣದ ಫ್ಯಾನ್‌ಗೂ ಎಳೆಯಲು ಗಾಳಿ ಸಿಗುವುದಿಲ್ಲ. ಬೆಂಗಳೂರಿನ ರೂಮಿನಲ್ಲಿ ಹೇಗೋ ನಡೆದೀತು. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಅಲ್ಲಿ ನಡೆಯುವುದಿಲ್ಲ. ಮುಂದಿನ ಫ್ಯಾನ್ ಗಾಳಿಯನ್ನು ಒಳಗೆ ಎಳೆಯಬೇಕು, ಹಿಂದಿನದ್ದು ಹೊರಗೆ ತಳ್ಳಬೇಕು. ಕ್ಯಾಬಿನೆಟ್ ಎಷ್ಟು ಮಿಲಿಮೀಟರ್ ಉದ್ದದ ಕಾರ್ಡ್ ಹಿಡಿಸುತ್ತದೆ ಅಂತ ನೋಡಿ ನಿಮ್ಮ ಕಾರ್ಡ್‌ನ ಉದ್ದಕ್ಕೆ ಹೋಲಿಸಿ. 5600ರ ಪೆಟ್ಟಿಗೆಯಲ್ಲಿ ಬರುವ ಕೂಲರ್ ಸಾಕು, ನೀರಿನ ಕೂಲರ್‌ಗೆ ಈ ಬಜೆಟ್‌ನಲ್ಲಿ ದುಡ್ಡು ಹಾಕಬೇಡಿ.

## ಹಂತ 10: ಖರೀದಿ

ಕಂಪ್ಯೂಟರ್ ಪಾರ್ಟ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವುದಾದರೆ ಕೈಯಲ್ಲಿ ಪೂರ್ತಿ ಮಾಡೆಲ್ ಹೆಸರಿನ ಪಟ್ಟಿ ಇರಲಿ. ಮೂರು ಅಂಗಡಿಯಲ್ಲಿ ಅದೇ ಪಟ್ಟಿಗೆ ಬೆಲೆ ಬರೆಸಿ, ಆನ್‌ಲೈನ್ ಬೆಲೆ ಜೊತೆ ನೋಡಿ. ಆಗ ಹೋಲಿಕೆಗೆ ಅರ್ಥ ಇರುತ್ತದೆ. ‘ಆ ಮಾಡೆಲ್ ಸ್ಟಾಕ್ ಇಲ್ಲ, ಇದೂ ಅದೇ ತರ’ ಅನ್ನುವ ಮಾತು ಬಂದಾಗ ನಿಲ್ಲಿ. ಹೆಚ್ಚಾಗಿ ಬದಲಾಗುವುದು ಎಸ್‌ಎಂಪಿಎಸ್, ಬೋರ್ಡ್ ಮತ್ತು ಎಸ್‌ಎಸ್‌ಡಿ. ಹೊರಗೆ ಬಂದು, ಆ ಹೊಸ ಹೆಸರನ್ನು ಮೊಬೈಲ್‌ನಲ್ಲಿ ಹುಡುಕಿ, ಆಮೇಲೆ ಉತ್ತರ ಕೊಡಿ.

ಪೆಟ್ಟಿಗೆಗಳ ಸೀಲ್ ನಿಮ್ಮ ಮುಂದೆಯೇ ಒಡೆಯಲಿ. ಜಿಎಸ್‌ಟಿ ಬಿಲ್‌ನಲ್ಲಿ ಪ್ರತಿ ಪಾರ್ಟ್‌ನ ಹೆಸರು, ಸೀರಿಯಲ್ ನಂಬರ್ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ‘ಅಸೆಂಬಲ್ಡ್ ಪಿಸಿ, 1’ ಅಂತ ಒಂದೇ ಸಾಲು ಬರೆದರೆ ನಾಳೆ ಕಾರ್ಡ್‌ನ ವಾರಂಟಿ ಕೇಳಲು ನಿಮ್ಮ ಬಳಿ ದಾಖಲೆ ಇಲ್ಲ. ಎಲ್ಲಾ ಪೆಟ್ಟಿಗೆ ಮನೆಗೆ ತನ್ನಿ. ಅಂಗಡಿಯಲ್ಲೇ ಜೋಡಿಸಿದ್ದರೆ ಪರದೆ ಬರುವುದನ್ನು ಕಣ್ಣಾರೆ ನೋಡಿ ಹೊರಡಿ. ದೂರದ ಊರಿಗೆ ಬಸ್ಸಿನಲ್ಲಿ ಒಯ್ಯುವಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅದರ ಪೆಟ್ಟಿಗೆಯಲ್ಲಿಡಿ, ಭಾರದ ಕಾರ್ಡ್ ಕುಲುಕಿದರೆ ಸ್ಲಾಟ್ ಮುರಿಯುತ್ತದೆ.

## ಹಂತ 11: ಮೊದಲ ದಿನದ ಪರೀಕ್ಷೆ

ಮಾನಿಟರ್ ವೈರನ್ನು ಮದರ್‌ಬೋರ್ಡ್‌ನ ಕಿಂಡಿಗೆ ಹಾಕಬೇಡಿ, ಕೆಳಗೆ ಅಡ್ಡ ಇರುವ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ. 25 ಸಾವಿರದ ಕಾರ್ಡ್ ಸುಮ್ನೆ ಕೂತಿದ್ದು ಒಳಗಿನ ಗ್ರಾಫಿಕ್ಸ್‌ನಲ್ಲೇ ವಾರಗಟ್ಟಲೆ ಆಡಿದವರನ್ನು ನೋಡಿದ್ದೇನೆ. ಆಮೇಲೆ ಬಯೋಸ್‌ಗೆ ಹೋಗಿ ರ‍್ಯಾಮ್‌ಗೆ ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2666ರಲ್ಲೇ ಓಡುತ್ತಿರುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್‌ನ ಹರ್ಟ್ಸ್ ನೀವೇ ಬದಲಿಸಬೇಕು, 144ರ ಮಾನಿಟರ್ ಎಷ್ಟೋ ಸಲ 60ರಲ್ಲೇ ಶುರುವಾಗುತ್ತದೆ. ಕಾರ್ಡ್‌ನ ಡ್ರೈವರ್ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ.

ಈಗ ನಿಮ್ಮ ಪಟ್ಟಿಯ ಅತಿ ಭಾರದ ಆಟವನ್ನು ಒಂದು ಗಂಟೆ ಬಿಡದೆ ಆಡಿ. ಏನಾದರೂ ತಪ್ಪಿದ್ದರೆ ಇವತ್ತೇ ಗೊತ್ತಾಗಲಿ, ಅಂಗಡಿಯವರು ಬದಲಿಸಿ ಕೊಡುವ ದಿನಗಳು ಮುಗಿಯುವ ಮುಂಚೆ. ಆಡುವಾಗ ಮಾತ್ರ ರೀಸ್ಟಾರ್ಟ್ ಆದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಪರದೆಯಲ್ಲಿ ಬಣ್ಣದ ಗೆರೆ ಬಂದರೆ ಕಾರ್ಡ್. ನೀಲಿ ಪರದೆ ಬಂದರೆ ಎಕ್ಸ್‌ಎಂಪಿ ಆಫ್ ಮಾಡಿ ನೋಡಿ, ಆಗ ನಿಂತರೆ ರ‍್ಯಾಮ್, ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಿಸಿ ಖಚಿತ ಮಾಡಿಕೊಳ್ಳಿ. ಫ್ಯಾನ್ ತಿರುಗಿ ಪರದೆ ಬರದಿದ್ದರೆ ಪ್ಲಗ್ ತೆಗೆದು, ರ‍್ಯಾಮ್ ಕಡ್ಡಿ ಬಿಚ್ಚಿ, ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿ ಮತ್ತೆ ಹಾಕಿ. ಆಟ ಶುರುವಿನಲ್ಲಿ ಸರಿಯಾಗಿದ್ದು ಹತ್ತು ನಿಮಿಷದ ಮೇಲೆ ನಿಧಾನವಾದರೆ ಅದು ಬಿಸಿ. ಪ್ರೊಸೆಸರ್ 90 ಡಿಗ್ರಿ ದಾಟುತ್ತಿದ್ದರೆ ಕೂಲರ್ ಬಿಚ್ಚಿ ನೋಡಿ. ಅದರ ತಳಕ್ಕೆ ಅಂಟಿಸಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಹಾಗೇ ಕೂರಿಸಿರುತ್ತಾರೆ.